ರಾತ್ರಿ ಎರಡಕ್ಕೆ ಏಳುವವರು ಯಾರು? ಹನುಮಂತನಗರದ ಒಂದು ಪ್ರಕರಣ

ಶಾಲೆಗೆ ‘ಸೇರಿಸಿದರು’, ಆಸ್ಪತ್ರೆಗೆ ‘ಸೇರಿಸಿದರು’ ಎನ್ನುವ ನಾವು ವೃದ್ಧಾಶ್ರಮದ ವಿಷಯ ಬಂದಾಗ ಮಾತ್ರ ‘ಹಾಕಿದರು’ ಎನ್ನುತ್ತೇವೆ. ಆ ಒಂದು ಮಾತಿಗೆ ಹೆದರಿ ಎಷ್ಟೋ ಮನೆಗಳಲ್ಲಿ ಈ ವಿಷಯ ಬಾಯಿಗೆ ಬರುವುದೇ ಯಾರಾದರೂ ಬಿದ್ದ ಮೇಲೆ. ಆಗ ಯೋಚಿಸಲು ಸಮಯವಿರುವುದಿಲ್ಲ, ಆಸ್ಪತ್ರೆಯವರು ಡಿಸ್ಚಾರ್ಜ್ ದಿನ ಹೇಳಿಬಿಟ್ಟಿರುತ್ತಾರೆ.

ಬೆಂಗಳೂರಿನ ಮನೆಗಳಲ್ಲಿ ಮತ್ತೆ ಮತ್ತೆ ಎದುರಾಗುವ ಸಂಗತಿಗಳನ್ನು ಒಂದೇ ಮನೆಗೆ ಕೂಡಿಸಿ ಈ ಪ್ರಕರಣವನ್ನು ಕಟ್ಟಿದೆ. ದರಗಳು ಲೆಕ್ಕ ತೋರಿಸುವುದಕ್ಕಾಗಿ ಹಿಡಿದವು. ನಿಮ್ಮ ಬಡಾವಣೆಯಲ್ಲಿ ಅವು ಹೆಚ್ಚುಕಡಿಮೆಯಾಗುತ್ತವೆ, ಲೆಕ್ಕ ಹಾಕುವ ಕ್ರಮ ಬದಲಾಗುವುದಿಲ್ಲ.

ಮನೆ, ಮನೆಯವರು, ಬಿದ್ದ ದಿನ

ತಾಯಿಗೆ 79 ವರ್ಷ. ಸರ್ಕಾರಿ ಪ್ರೌಢಶಾಲೆಯಲ್ಲಿ ಗಣಿತ ಕಲಿಸಿ ನಿವೃತ್ತರಾದವರು. ಹನುಮಂತನಗರದಲ್ಲಿ ಸ್ವಂತ ಮನೆ. ಕೆಳಗೆ ಬಾಡಿಗೆಯವರು, ಮಹಡಿಯಲ್ಲಿ ತಾಯಿ ಒಬ್ಬರೇ. ಮೇಲೆ ಹೋಗಲು ಹೊರಗಡೆಯಿಂದ 17 ಮೆಟ್ಟಿಲು. ಬೆಳಿಗ್ಗೆ 7ರಿಂದ 11ರವರೆಗೆ ಅಡುಗೆ, ಮನೆಗೆಲಸಕ್ಕೆ ಒಬ್ಬರು ಬರುತ್ತಾರೆ. ಮಗಳು ವಿದ್ಯಾರಣ್ಯಪುರದಲ್ಲಿ, ಮಗ ಪುಣೆಯಲ್ಲಿ. ತಿಂಗಳಿಗೆ ಪಿಂಚಣಿ ₹38,000, ಕೆಳಮನೆಯ ಬಾಡಿಗೆ ₹18,000. ಸಕ್ಕರೆ ಕಾಯಿಲೆ, ಬಿಪಿ, ಎರಡೂ ಕಿವಿ ಮಂದ.

ಬೆಳಗಿನ ಜಾವ ನಾಲ್ಕೂವರೆಗೆ ಬಚ್ಚಲಿಗೆ ಹೋದವರು ಬಿದ್ದರು. ಕೆಲಸದವರು ಬರುವವರೆಗೆ ಎರಡೂವರೆ ಗಂಟೆ ತಣ್ಣನೆಯ ನೆಲದ ಮೇಲೆ. ಬಚ್ಚಲ ಬಾಗಿಲು ಒಳಕ್ಕೆ ತೆರೆಯುವಂಥದ್ದು, ಅದಕ್ಕೆ ಅಡ್ಡವಾಗಿ ಅವರೇ ಬಿದ್ದಿದ್ದರು. ಬಾಗಿಲು ಮುರಿದೇ ಹೊರತರಬೇಕಾಯಿತು. ತೊಡೆಯೆಲುಬಿನ ಕುತ್ತಿಗೆ ಮುರಿದಿತ್ತು. ಅರ್ಧ ಕೀಲು ಬದಲಿಸುವ ಶಸ್ತ್ರಚಿಕಿತ್ಸೆ ಆಯಿತು, ಆರು ದಿನ ಆಸ್ಪತ್ರೆ.

ಎರಡನೇ ರಾತ್ರಿ ತಾಯಿ ಸಿಸ್ಟರ್‌ಗೆ ‘ಬೆಲ್ ಆಯ್ತು, ಮಕ್ಕಳನ್ನ ಒಳಗೆ ಕಳಿಸಮ್ಮ’ ಎನ್ನತೊಡಗಿದರು. ಡ್ರಿಪ್ ಕಿತ್ತುಕೊಂಡರು. ಮಕ್ಕಳಿಬ್ಬರೂ ಇದನ್ನು ಮರೆಗುಳಿ ಕಾಯಿಲೆ ಎಂದೇ ತಿಳಿದರು. ಮಗ ಪುಣೆಯಿಂದಲೇ ಫೋನ್ ಮಾಡಿ, ಡಿಮೆನ್ಷಿಯಾದವರಿಗೆಂದೇ ಇರುವ, ಬಾಗಿಲಿಗೆ ಬೀಗವಿರುವ ಮಹಡಿಯಲ್ಲಿ ತಿಂಗಳಿಗೆ ₹75,000ಕ್ಕೆ ಹಾಸಿಗೆ ಗೊತ್ತುಮಾಡಿ ₹20,000 ಮುಂಗಡ ಕಳಿಸಿದ. ಅದು ವಾಪಸ್ ಬರಲಿಲ್ಲ.

ತಾಯಿಗೆ ಆದದ್ದು ಡಿಲೀರಿಯಂ. ಶಸ್ತ್ರಚಿಕಿತ್ಸೆ, ನೋವು, ನಿದ್ದೆಗೇಡು, ಮೂತ್ರದ ಸೋಂಕು, ಜೊತೆಗೆ ಶ್ರವಣ ಸಾಧನ ಮನೆಯಲ್ಲೇ ಉಳಿದದ್ದು, ಇವೆಲ್ಲ ಸೇರಿ ವಯಸ್ಸಾದವರಲ್ಲಿ ಮನಸ್ಸು ದಿಢೀರನೆ ಕದಡುತ್ತದೆ. ಇದು ಗಂಟೆಗೊಂದು ರೀತಿ ಏರಿಳಿಯುತ್ತದೆ, ಕಾರಣ ತೆಗೆದರೆ ದಿನಗಳಲ್ಲೋ ವಾರಗಳಲ್ಲೋ ತಿಳಿಯಾಗುತ್ತದೆ. ಮರೆಗುಳಿ ಬರುವುದು ತಿಂಗಳು, ವರ್ಷಗಳಲ್ಲಿ. ಕದಡಿದ ಮನಸ್ಸು ತಿಳಿಯಾಗುವ ಮೊದಲು ಮಾಡಿದ ನೆನಪಿನ ಪರೀಕ್ಷೆಗೆ ಅರ್ಥವಿಲ್ಲ. ಆರು ವಾರದ ಮೇಲೆ ಪರೀಕ್ಷಿಸಿದಾಗ ಈ ತಾಯಿಯ ನೆನಪು ವಯಸ್ಸಿಗೆ ತಕ್ಕಂತೆಯೇ ಇತ್ತು. ಅನುಮಾನ ಉಳಿದಿದ್ದರೆ ನಿಮ್ಹಾನ್ಸ್‌ನಲ್ಲಿ ವಯೋವೃದ್ಧರಿಗೆಂದೇ ಕ್ಲಿನಿಕ್ ಇದೆ.

ಬಿದ್ದದ್ದು ಏಕೆ

ಎಲ್ಲಿರಿಸಬೇಕು ಎಂದು ಕೇಳುವ ಮೊದಲು ಏಕೆ ಬಿದ್ದರು ಎಂದು ಕೇಳಬೇಕು. ಈ ಮನೆಯಲ್ಲಿ ಅದಕ್ಕೆ ಉತ್ತರ ಮಾತ್ರೆಯ ಡಬ್ಬದಲ್ಲಿತ್ತು. ರಾತ್ರಿ ಸಕ್ಕರೆ ಇಳಿಸುವ ಗ್ಲಿಮೆಪಿರೈಡ್ ಮಾತ್ರೆ ನುಂಗಿ ಎರಡು ಚಪಾತಿಯ ಬದಲು ಅರ್ಧ ಲೋಟ ಮಜ್ಜಿಗೆ ಕುಡಿದು ಮಲಗುವ ಅಭ್ಯಾಸ. ತುರ್ತು ವಿಭಾಗಕ್ಕೆ ಬಂದಾಗ ಸಕ್ಕರೆ 58. 70ರ ಕೆಳಗೆ ಹೋದರೆ ಅದು ತೀರಾ ಕಡಿಮೆ. ಬಿಪಿ ಮಾತ್ರೆಯ ಜೊತೆಗೇ ಮೂತ್ರ ಹೆಚ್ಚಿಸುವ ಔಷಧವೂ ಸೇರಿತ್ತು, ಅದನ್ನೂ ರಾತ್ರಿಯೇ ತೆಗೆದುಕೊಳ್ಳುತ್ತಿದ್ದರು. ಅದರಿಂದ ರಾತ್ರಿ ಮೂರು ಸಲ ಏಳುವುದು. ಇದರ ಮೇಲೆ ವರ್ಷಗಳಿಂದ ನಿದ್ದೆಗೆಂದು ಅಲ್ಪ್ರಜೋಲಾಮ್. ಮಲಗಿದ್ದಾಗ ಮೇಲಿನ ಬಿಪಿ 138, ಎದ್ದು ನಿಂತ ಒಂದು ನಿಮಿಷಕ್ಕೆ 112. ನಿಂತ ಮೂರು ನಿಮಿಷದೊಳಗೆ 20 ಅಂಕ ಇಳಿದರೆ ಅದೇ ಬೀಳಲು ಸಾಕಾದ ಕಾರಣ. ಇಲ್ಲಿ ಇಳಿದದ್ದು 26.

ವೈದ್ಯರು ರಾತ್ರಿಯ ಗ್ಲಿಮೆಪಿರೈಡ್ ನಿಲ್ಲಿಸಿದರು, ಬಿಪಿ ಮಾತ್ರೆ ಬದಲಿಸಿ ಬೆಳಿಗ್ಗೆಗೆ ತಂದರು. ಅಲ್ಪ್ರಜೋಲಾಮ್ ಅನ್ನು ಹಲವು ವಾರಗಳಲ್ಲಿ ಸ್ವಲ್ಪಸ್ವಲ್ಪವಾಗಿ ಇಳಿಸಿದರು. ಅದನ್ನು ಒಮ್ಮೆಲೇ ಬಿಟ್ಟರೆ ನಡುಕ, ಗಾಬರಿ, ಕೆಲವೊಮ್ಮೆ ಫಿಟ್ಸ್ ಕೂಡ ಬರುತ್ತದೆ, ಆದ್ದರಿಂದ ಮನೆಯವರೇ ನಿಲ್ಲಿಸಬಾರದು. ಮೂರು ಸಲದ ರಾತ್ರಿ ಏಳುವಿಕೆ ಮುಂದಿನ ತಿಂಗಳುಗಳಲ್ಲಿ ಎರಡಕ್ಕೆ ಇಳಿಯಿತು. ಆ ಒಂದು ಸಲ ಕಡಿಮೆಯಾದದ್ದೇ ಮುಂದಿನ ಲೆಕ್ಕವನ್ನೆಲ್ಲ ಬದಲಿಸಿತು.

ಮೊದಲ ಐದು ವಾರ: ಮನೆಯಲ್ಲೇ

ಡಿಸ್ಚಾರ್ಜ್ ಆದ ಮೇಲೆ ತಾಯಿಯನ್ನು ಆಂಬುಲೆನ್ಸ್‌ನವರು ಕುರ್ಚಿಯಲ್ಲಿ ಎತ್ತಿ 17 ಮೆಟ್ಟಿಲು ಹತ್ತಿಸಿದರು. ಕೀಲು ಜಾರದಂತೆ ತೊಡೆ 90 ಡಿಗ್ರಿಗಿಂತ ಹೆಚ್ಚು ಮಡಿಚಬಾರದು, ಕಾಲ ಮೇಲೆ ಕಾಲು ಹಾಕಬಾರದು, ಮಣೆಯ ಮೇಲೆ ಕೂರುವುದು, ಕುಕ್ಕರುಗಾಲು ಎರಡೂ ಬಂದ್. ದೇವರ ಮುಂದೆ ಕೂರಲು ಮಣೆಯ ಬದಲು ಎತ್ತರದ ಕುರ್ಚಿ, ಕಮೋಡ್ ಮೇಲೆ ನಾಲ್ಕು ಇಂಚು ಎತ್ತರಿಸುವ ಸೀಟು, ದಿವಾನದ ಕಾಲಿಗೆ ಮರದ ತುಂಡು. ಇಷ್ಟನ್ನು ಮಗಳು ಎರಡು ದಿನದಲ್ಲಿ ಸರಿಮಾಡಿದಳು.

ಸರಿಯಾಗದೆ ಉಳಿದದ್ದು ಜನ. ಏಜೆನ್ಸಿಯಿಂದ ‘24 ಗಂಟೆ’ಯ ಒಬ್ಬ ಅಟೆಂಡರ್‌ ಬಂದಳು. ಐದು ವಾರದಲ್ಲಿ ಮೂವರು ಬದಲಾದರು. ಒಬ್ಬಳಿಗೆ ಊರಿಂದ ಫೋನ್ ಬಂತು. ಇನ್ನೊಬ್ಬಳು ಯುಗಾದಿಯ ಹಿಂದಿನ ದಿನ ಬ್ಯಾಗ್ ತೆಗೆದುಕೊಂಡು ಹೋದಳು, ಏಜೆನ್ಸಿಯವರು ‘ಹಬ್ಬ ಮುಗೀಲಿ ಮೇಡಂ’ ಎಂದರು. ಮೂರನೆಯವಳು ಒಳ್ಳೆಯವಳೇ, ಆದರೆ ಒಡಿಶಾದವಳು, ಬರುವುದು ಹಿಂದಿ ಮಾತ್ರ. ಕಿವಿ ಮಂದವಾದ ತಾಯಿ ಅಷ್ಟಿಷ್ಟು ಕೇಳಿಸಿದ್ದನ್ನು ತುಟಿ ನೋಡಿ ತುಂಬಿಕೊಳ್ಳುವವರು. ಗೊತ್ತಿಲ್ಲದ ಭಾಷೆಯ ತುಟಿ ಓದುವುದಕ್ಕೆ ಬರುವುದಿಲ್ಲ. ಜಗಳಗಂಟಿ ಎಂಬ ಹೆಸರು ಮಾತ್ರ ತಾಯಿಗೆ ಬಂತು.

ಅಟೆಂಡರ್‌ಗಳು ನಿಲ್ಲದಿರುವುದರ ಮೂಲ ಕಾರಣ ತಿಳಿದದ್ದು ಮಗಳು ಏಳು ದಿನ ಒಂದು ಪಟ್ಟಿ ಬರೆದ ಮೇಲೆ. ಕೆಲಸ ಇಷ್ಟೇ. ನೋಟ್‌ಬುಕ್ಕಿನ ಪುಟವನ್ನು 24 ಸಾಲು ಮಾಡಿ, ಯಾವ ಗಂಟೆಯಲ್ಲಿ ಇನ್ನೊಬ್ಬರ ಕೈ ಎಷ್ಟು ನಿಮಿಷ ಬೇಕಾಯಿತು ಎಂದು ಬರೆಯುವುದು. ಕೈ ಹಿಡಿಯಬೇಕಾಗಿದ್ದರೆ ‘ಕೈ’, ಹತ್ತಿರ ನಿಂತರೆ ಸಾಕಾಗಿದ್ದರೆ ‘ಕಣ್ಣು’. ಒಟ್ಟು ‘ಕೈ’ ದಿನಕ್ಕೆ ನಾಲ್ಕು ಗಂಟೆಗಿಂತ ಕಡಿಮೆ. ಸ್ನಾನ 40 ನಿಮಿಷ, ಬಟ್ಟೆ, ವ್ಯಾಯಾಮ, ಶೌಚ. ಆದರೆ ಅದರಲ್ಲಿ ಹತ್ತತ್ತು ನಿಮಿಷ ಬಿದ್ದದ್ದು ರಾತ್ರಿ 11.30ಕ್ಕೆ, 2ಕ್ಕೆ, ಬೆಳಗಿನ ಜಾವ 4.30ಕ್ಕೆ. ದಿನವಿಡೀ ಕೆಲಸ ಮಾಡಿ ರಾತ್ರಿ ಮೂರು ಸಲ ಏಳುವ ಮನುಷ್ಯ ಎರಡನೇ ವಾರಕ್ಕೆ ಕುಸಿಯುತ್ತಾನೆ. ಹಾಗಾಗಿ ‘24 ಗಂಟೆ ಅಟೆಂಡರ್’ ಎನ್ನುವುದು ರಾತ್ರಿ ಒಮ್ಮೆಯೂ ಏಳದ, ಅಥವಾ ಒಮ್ಮೆ ಮಾತ್ರ ಏಳುವ ವೃದ್ಧರಿಗೆ ಸರಿ. ಎರಡು ದಾಟಿತೆಂದರೆ ಇಬ್ಬರು ಬೇಕು, ಹಗಲಿಗೊಬ್ಬರು, ರಾತ್ರಿಗೊಬ್ಬರು. ಏಜೆನ್ಸಿಯವರು ಇದನ್ನು ತಾವಾಗಿ ಹೇಳುವುದಿಲ್ಲ.

ಇನ್ನೊಂದು ಮಾತು. ಅಟೆಂಡರ್ ಎಂದರೆ ನರ್ಸ್ ಅಲ್ಲ. ನರ್ಸ್‌ಗಳಲ್ಲಿ ಎಎನ್‌ಎಂ ಎಂಬವರು ಎರಡು ವರ್ಷದ, ಜಿಎನ್‌ಎಂ ಎಂಬವರು ಮೂರು ವರ್ಷದ ತರಬೇತಿ ಪಡೆದವರು. ಅಟೆಂಡರ್‌ಗೆ ಇರುವುದು ಸಾಮಾನ್ಯವಾಗಿ ಕೆಲವು ವಾರ, ತಿಂಗಳಿನ ಕಲಿಕೆ. ಇನ್ಸುಲಿನ್, ಕ್ಯಾತಿಟರ್, ಮೂಗಿನ ನಳಿಕೆ ಇದ್ದರೆ ‘ಸಿಸ್ಟರ್ ಕಳಿಸ್ತೀವಿ’ ಎನ್ನುವವರಿಂದ ನೋಂದಣಿ ಪತ್ರ ಕೇಳಬೇಕು.

ಎರಡು ಲೆಕ್ಕ

ಮನೆಯಲ್ಲೇ ಇಬ್ಬರನ್ನು ಇಟ್ಟರೆ: 12 ಗಂಟೆಯ ಪಾಳಿಗೆ ₹900ರಂತೆ ಎರಡು ಪಾಳಿ, 30 ದಿನಕ್ಕೆ ₹54,000. ಅಡುಗೆಯವರಿಗೆ ₹6,000. ಫಿಸಿಯೋ ತಿಂಗಳಿಗೆ 13 ಸಲ, ₹800ರಂತೆ ₹10,400. ರಾತ್ರಿಯ ಡೈಪರ್ ₹1,350. ದಿನಸಿ, ಕರೆಂಟು, ನೀರು ₹9,000. ಒಟ್ಟು ₹80,750.

ಕನಕಪುರ ರಸ್ತೆಯ ಕಡೆಯ ಒಂದು ಅಸಿಸ್ಟೆಡ್ ಲಿವಿಂಗ್ (ವಾಸದ ಜೊತೆ ಆರೈಕೆಯೂ ಇರುವ) ಕೇಂದ್ರದಲ್ಲಿ ಇಬ್ಬರ ಕೋಣೆ ₹48,000. ಅದರ ಮೇಲೆ ಶೇ. 18 ಜಿಎಸ್‌ಟಿ ₹8,640. ಫಿಸಿಯೋ 12 ಸಲಕ್ಕೆ ₹8,400, ಡೈಪರ್ ₹1,800, ವೈದ್ಯರ ಭೇಟಿ ಎರಡಕ್ಕೆ ₹1,000. ಒಟ್ಟು ₹67,840, ಜೊತೆಗೆ ₹2 ಲಕ್ಷ ಠೇವಣಿ.

ಮಾತಾಡುವಾಗ ಕೇಂದ್ರದವರು ಹೇಳಿದ್ದು ‘ನಲವತ್ತೆಂಟು’ ಮಾತ್ರ. ಉಳಿದ ಸುಮಾರು ₹20,000 ಬಿಲ್ಲಿನಲ್ಲಿ ಕಂಡದ್ದು. ಬೇರೆ ಕಡೆ ವಿಚಾರಿಸುವಾಗ ‘ಕಳೆದ ತಿಂಗಳು ನಿಮ್ಮಲ್ಲಿರುವ, ಇಂಥದೇ ಅಗತ್ಯದ ಒಬ್ಬರಿಗೆ ಕೊಟ್ಟ ಬಿಲ್ಲನ್ನು ಹೆಸರು ಮುಚ್ಚಿ ತೋರಿಸಿ’ ಎಂದರೆ ಈ ಅಚ್ಚರಿ ತಪ್ಪುತ್ತದೆ. ಜಿಎಸ್‌ಟಿ ವಿಷಯದಲ್ಲಿ ತಿಳಿದಿರಬೇಕಾದದ್ದು: ಸರ್ಕಾರ ನಡೆಸುವ, ಅಥವಾ ಆದಾಯ ತೆರಿಗೆ ಕಾಯ್ದೆಯಡಿ ನೋಂದಾಯಿತ ಧರ್ಮಾರ್ಥ ಸಂಸ್ಥೆ ನಡೆಸುವ ವೃದ್ಧಾಶ್ರಮ, ಊಟ ವಸತಿ ನಿರ್ವಹಣೆ ಎಲ್ಲ ಸೇರಿ ಒಬ್ಬರಿಗೆ ತಿಂಗಳಿಗೆ ₹25,000ದವರೆಗೆ ಪಡೆದರೆ 60 ದಾಟಿದವರಿಗೆ ತೆರಿಗೆ ವಿನಾಯಿತಿ ಇದೆ. ಅಂಥ ಟ್ರಸ್ಟುಗಳಲ್ಲಿ ಹಲವು ‘ತಮ್ಮ ಕೆಲಸ ತಾವೇ ಮಾಡಿಕೊಳ್ಳಬಲ್ಲವರನ್ನು’ ಮಾತ್ರ ತೆಗೆದುಕೊಳ್ಳುತ್ತವೆ. ಈ ತಾಯಿಗೆ ಆಗ ಅದು ದಕ್ಕುತ್ತಿರಲಿಲ್ಲ. ನಿವೃತ್ತರ ಅಪಾರ್ಟ್‌ಮೆಂಟ್ ಸಮುಚ್ಚಯಗಳದ್ದೂ ಇದೇ ಕಥೆ. ಅಲ್ಲಿ ಊಟ, ಸೆಕ್ಯುರಿಟಿ, ಭಜನೆ ಎಲ್ಲ ಇರುತ್ತದೆ, ರಾತ್ರಿ ಎರಡಕ್ಕೆ ಕೈ ಹಿಡಿಯುವವರು ಆ ಶುಲ್ಕದೊಳಗೆ ಬರುವುದಿಲ್ಲ. ಕೊಳ್ಳುವವರು ವಸತಿ ಯೋಜನೆಗಳ ಮೇಲೆ ಕಣ್ಣಿಡುವ ಪ್ರಾಧಿಕಾರ ರೇರಾದ ನೋಂದಣಿ ನೋಡಿಕೊಳ್ಳಲಿ. ಆರೋಗ್ಯ ವಿಮೆಯಂತೂ ಸಾಮಾನ್ಯವಾಗಿ ಆಸ್ಪತ್ರೆಯ ಖರ್ಚಿಗೇ ಹೊರತು ಇಂಥ ವಾಸಕ್ಕಲ್ಲ.

ಕೇಂದ್ರ ಅಗ್ಗವಾಯಿತೆಂದು ಕಾಣುತ್ತದೆ. ಹೌದು, ರಾತ್ರಿ ಪಾಳಿಯವರ ಸಂಬಳ ಅಲ್ಲಿ ಹತ್ತಾರು ಜನರ ನಡುವೆ ಹಂಚಿಹೋಗುತ್ತದೆ. ಆ ಹಂಚಿಕೆ ಎಷ್ಟು ತೆಳುವಾಗಿದೆ ಎನ್ನುವುದನ್ನೇ ನೋಡಿಕೊಂಡು ಬರಬೇಕು.

ನೋಡಿಕೊಂಡು ಬಂದದ್ದು

ಮಗಳು ಎರಡು ಕೇಂದ್ರಗಳನ್ನು ಎರಡೆರಡು ಸಲ ನೋಡಿದಳು. ಒಂದು ಸಲ ಹೇಳಿ, ಬೆಳಿಗ್ಗೆ 11ಕ್ಕೆ. ಇನ್ನೊಮ್ಮೆ ಹೇಳದೆ, ರಾತ್ರಿ ಏಳೂವರೆಗೆ. ಮೊದಲ ಸಲ ಕಂಡದ್ದು ಲಾಬಿ, ಗಣಪತಿ ವಿಗ್ರಹ, ತೋಟ. ಎರಡನೇ ಸಲ ಕಂಡದ್ದು ಕೆಲಸ.

ಒಂದನೇ ಕೇಂದ್ರದಲ್ಲಿ ಒಂದು ಮಹಡಿಗೆ 22 ಜನ, ರಾತ್ರಿ ಇಬ್ಬರು ಅಟೆಂಡರ್, ಕೆಳಗೆ ಒಬ್ಬ ನರ್ಸ್. ಬಚ್ಚಲಿನ ಕರೆಗಂಟೆ ಒತ್ತಿ ಗಡಿಯಾರ ನೋಡಿದರೆ ಯಾರೋ ಬರುವಷ್ಟರಲ್ಲಿ 4 ನಿಮಿಷ 40 ಸೆಕೆಂಡು. ಅವಸರದಲ್ಲಿರುವ ವೃದ್ಧರು ಅಷ್ಟು ಕಾಯುವುದಿಲ್ಲ, ತಾವೇ ಏಳುತ್ತಾರೆ. ಎರಡನೆಯದರಲ್ಲಿ 14 ಜನಕ್ಕೆ ಇಬ್ಬರು, 50 ಸೆಕೆಂಡು. ‘ಎಷ್ಟು ಜನಕ್ಕೆ ಎಷ್ಟು ಸಿಬ್ಬಂದಿ’ ಎಂದು ಬಾಯಲ್ಲಿ ಕೇಳಿದರೆ ಹಗಲಿನ ಲೆಕ್ಕವನ್ನೇ ಹೇಳುತ್ತಾರೆ. ಗೋಡೆಯ ಮೇಲಿನ ರಾತ್ರಿ ಪಾಳಿಯ ಪಟ್ಟಿಯಲ್ಲಿ ಹೆಸರು ಎಣಿಸಬೇಕು.

ಊಟದ ಹೊತ್ತನ್ನು ಎಷ್ಟೋ ಜನ ಕೇಳುವುದೇ ಇಲ್ಲ. ರಾತ್ರಿ ಊಟ 6.45ಕ್ಕೆ, ಬೆಳಗಿನ ತಿಂಡಿ 8.30ಕ್ಕೆ. ನಡುವೆ ಹದಿಮೂರು ಮುಕ್ಕಾಲು ಗಂಟೆ. ಸಕ್ಕರೆ ಕಾಯಿಲೆಯವರಿಗೆ ಅಷ್ಟು ಹೊತ್ತು ಬರಿಹೊಟ್ಟೆ ಆಗುವುದಿಲ್ಲ. 9.30ಕ್ಕೆ ಹಾಲು, ರಸ್ಕ್ ಕೊಡುವುದಾಗಿ ಆರೈಕೆ ಪಟ್ಟಿಯಲ್ಲೇ ಬರೆಸಲಾಯಿತು. ಮಾತಿನಲ್ಲಿ ಒಪ್ಪಿದ್ದು ಪಾಳಿ ಬದಲಾದಾಗ ಮರೆತುಹೋಗುತ್ತದೆ.

ಉಳಿದವು ಬೇಗ ಹೇಳಿ ಮುಗಿಸಬಹುದು. ಲಿಫ್ಟಿನಲ್ಲಿ ಸ್ಟ್ರೆಚರ್ ಹಿಡಿಯುತ್ತದೆಯೇ, ಜನರೇಟರ್‌ಗೆ ಲಿಫ್ಟೂ ಸೇರಿದೆಯೇ? ಬೇಸಿಗೆಯಲ್ಲಿ ನೀರು ಬೋರಿನದೋ ಟ್ಯಾಂಕರಿನದೋ? ನರ್ಸಿಂಗ್, ಚಿಕಿತ್ಸೆ ಒಳಗೇ ಕೊಡುತ್ತೇವೆ ಎನ್ನುವವರಲ್ಲಿ ಕೆಪಿಎಂಇ (ಖಾಸಗಿ ವೈದ್ಯಕೀಯ ಸಂಸ್ಥೆಗಳ ರಾಜ್ಯ ಕಾಯ್ದೆ) ನೋಂದಣಿ ಪತ್ರ ನೋಡಬೇಕು. ರೋಗಿಯನ್ನು ಹಾಸಿಗೆಗೆ ಕಟ್ಟುತ್ತೀರಾ, ನಿದ್ದೆ ಮಾತ್ರೆ ಯಾರ ಅಪ್ಪಣೆಯ ಮೇಲೆ ಕೊಡುತ್ತೀರಿ ಎಂದು ನೇರವಾಗಿ ಕೇಳಬೇಕು. ಮುಜುಗರದ ಪ್ರಶ್ನೆಯೇ, ಆದರೆ ಉತ್ತರ ಕೊಡುವವರ ಮುಖದಲ್ಲೇ ಅರ್ಧ ತಿಳಿಯುತ್ತದೆ.

ಜಾಗವನ್ನು ಗೊತ್ತುಮಾಡಿದ್ದು ಮೆಟ್ರೊ. ಮಗಳು ಹಸಿರು ಮಾರ್ಗದಲ್ಲಿ ಜಾಲಹಳ್ಳಿಯಲ್ಲಿ ಹತ್ತಿದರೆ ರೈಲು ಬದಲಿಸದೆ ಕನಕಪುರ ರಸ್ತೆಯ ವಾಜರಹಳ್ಳಿಯಲ್ಲಿ ಇಳಿಯಬಹುದು. ವೈಟ್‌ಫೀಲ್ಡ್ ಕಡೆಯ ಇನ್ನೊಂದು ಕೇಂದ್ರ ಸೌಕರ್ಯದಲ್ಲಿ ಮೇಲಾಗಿದ್ದರೂ ಅಲ್ಲಿಗೆ ತಿಂಗಳಿಗೊಮ್ಮೆ ಹೋಗುವುದೂ ಅನುಮಾನವಿತ್ತು. ವಾರಕ್ಕೆರಡು ಸಲ ಹೊತ್ತಲ್ಲದ ಹೊತ್ತಿನಲ್ಲಿ ಬರುವ ಮಗಳಿರುವ ತಾಯಿಯ ಆರೈಕೆ ಬೇರೆಯೇ ಇರುತ್ತದೆ. ನ್ಯಾಯವೋ ಅನ್ಯಾಯವೋ, ಇರುವುದು ಹಾಗೆ.

ಕರಾರಿನಲ್ಲಿ ನಾಲ್ಕು ಕಡೆ ಪೆನ್ನು ನಿಂತಿತು. ಆಸ್ಪತ್ರೆಗೆ ಸೇರಿದ ದಿನಗಳಿಗೂ ಪೂರ್ತಿ ಶುಲ್ಕ ಎಂದಿತ್ತು, ಏಳನೇ ದಿನದ ನಂತರ ಅರ್ಧಕ್ಕೆ ಇಳಿಸಿಕೊಂಡರು. ಠೇವಣಿ ‘ಯುಕ್ತ ಕಾಲದಲ್ಲಿ’ ಎಂದಿದ್ದನ್ನು 30 ದಿನ ಎಂದು ತಿದ್ದಿಸಿದರು. ಆರೈಕೆಯ ಹಂತ ಏರಿದರೆ ಶುಲ್ಕ ಏರುತ್ತದೆ ಎಂದಿತ್ತು, ಏರಿತೆಂದು ಯಾರು ಯಾವ ಅಳತೆಯಲ್ಲಿ ಹೇಳುತ್ತಾರೆ ಎಂದಿರಲಿಲ್ಲ. ಅಲ್ಲಿ ಕಾಟ್ಜ್ ಪಟ್ಟಿಯ ಹೆಸರು ಬರೆಸಲಾಯಿತು. ಸ್ನಾನ, ಬಟ್ಟೆ, ಶೌಚ, ಹಾಸಿಗೆಯಿಂದ ಏಳುವುದು, ಮಲಮೂತ್ರದ ಹಿಡಿತ, ಊಟ, ಹೀಗೆ ತಾವೇ ಮಾಡಿಕೊಳ್ಳುವ ಒಂದೊಂದಕ್ಕೂ ಒಂದರಂತೆ ಆರಕ್ಕೆ ಆರು ಅಂಕ. ಕೊನೆಯದು, ಯಾವ ಸ್ಥಿತಿ ಬಂದರೆ ‘ಕರೆದುಕೊಂಡು ಹೋಗಿ’ ಎನ್ನುತ್ತೀರಿ ಎಂಬುದು. ಮೂಗಿನ ನಳಿಕೆ, ರಾತ್ರಿ ಅಲೆದಾಟ ಎಂದು ಅವರೇ ಬರೆದುಕೊಟ್ಟರು. ಸಹಿ ಹಾಕಿದ್ದು ಮೂರು ತಿಂಗಳಿಗೆ ಮಾತ್ರ.

ಸುಳ್ಳು ಹೇಳಿ ಕರೆತಂದದ್ದು

‘ನಾಲ್ಕು ದಿನ ಫಿಸಿಯೋಗೆ ಬಾಮ್ಮ’ ಎಂದು ಕರೆತಂದರು. ಐದನೇ ದಿನ ತಾಯಿ ಬ್ಯಾಗ್ ಕಟ್ಟಿಕೊಂಡು ಕೂತರು. ಆರನೇ ದಿನದಿಂದ ವ್ಯಾಯಾಮ ಒಲ್ಲೆ, ಅನ್ನ ಒಲ್ಲೆ. ಮೂರು ವಾರಕ್ಕೆ ತೂಕ 2.4 ಕೆಜಿ ಇಳಿಯಿತು. ಅದೇ ಹೊತ್ತಿಗೆ ಒಂದು ಶ್ರವಣ ಸಾಧನ ದಿಂಬಿನ ಕವರಿನೊಳಗೆ ಸೇರಿ ಬಟ್ಟೆ ಒಗೆಯುವ ಯಂತ್ರಕ್ಕೆ ಹೋಯಿತು. ‘ಹೊಂದಿಕೊಳ್ತಾರೆ, ಸಮಯ ಬೇಕು’ ಎಂಬುದು ಇಂಥ ಕಡೆಗಳಲ್ಲಿ ಕೇಳಿಬರುವ ಮಾತು. ಇಲ್ಲಿ ಕೊರತೆಯಾದದ್ದು ಸಮಯವಲ್ಲ, ತಾಯಿಗೆ ಹೇಳಬೇಕಿದ್ದ ನಿಜ.

ನಾಲ್ಕನೇ ವಾರ ಮಗಳು ಎರಡೂ ಲೆಕ್ಕದ ಹಾಳೆಗಳನ್ನು ತಾಯಿಯ ಮುಂದಿಟ್ಟಳು. ಹೊಸ ಸಾಧನ ಹಾಕಿಸಿಕೊಂಡ ತಾಯಿ ಕನ್ನಡಕ ಏರಿಸಿ ಓದಿದರು. ಆಮೇಲೆ ಪೆನ್ಸಿಲ್ ಕೇಳಿದರು. ‘ಫಿಸಿಯೋ ವರ್ಷವಿಡೀ ಹದಿಮೂರು ಸಲವೇ ಇರುತ್ತದಾ? ಹಗಲು ನನಗೆ ಇನ್ನೊಬ್ಬರ ಕೈ ಯಾವಾಗ ಬೇಕು, ತೋರಿಸು’ ಎಂದು ಮೂರನೆಯ ಕಾಲಮ್ ಎಳೆದರು. ಅಂದಿನಿಂದ ವ್ಯಾಯಾಮ ಶುರುವಾಯಿತು. ಗೋಡೆಯ ಕ್ಯಾಲೆಂಡರಿನಲ್ಲಿ ಮೂರನೇ ತಿಂಗಳ ಕೊನೆಯ ಭಾನುವಾರಕ್ಕೆ ಗುಂಡು ಸುತ್ತಿದ್ದೂ ಅವರೇ.

12ನೇ ವಾರದ ಅಳತೆ: ಕಾಟ್ಜ್ ಅಂಕ ಡಿಸ್ಚಾರ್ಜ್ ದಿನ 1 ಇದ್ದದ್ದು 4ಕ್ಕೆ ಏರಿತ್ತು. ಕುರ್ಚಿಯಿಂದ ಎದ್ದು ಮೂರು ಮೀಟರ್ ನಡೆದು ತಿರುಗಿ ಬಂದು ಕೂರುವ ಪರೀಕ್ಷೆಯಲ್ಲಿ 34 ಸೆಕೆಂಡು 19ಕ್ಕೆ ಇಳಿದಿತ್ತು. 12 ಸೆಕೆಂಡು ದಾಟಿದರೆ ಬೀಳುವ ಅಪಾಯ ಇದ್ದೇ ಇದೆ, ಆದ್ದರಿಂದ ವಾಕರ್ ಬಿಡುವಂತಿಲ್ಲ. ‘ಕೈ’ ಬೇಕಾಗಿದ್ದು ಸ್ನಾನಕ್ಕೆ ಮತ್ತು ರಾತ್ರಿ ಎರಡು ಸಲಕ್ಕೆ. ಆಸ್ಪತ್ರೆಯ ಹಾಸಿಗೆಯಲ್ಲಿ ಕಂಡ ಅಗತ್ಯವನ್ನೇ ಕಾಯಂ ಎಂದು ನಂಬಿ ಮಹಡಿ ಮನೆಯನ್ನೂ ಬಾಡಿಗೆಗೆ ಕೊಟ್ಟಿದ್ದರೆ ಹಿಂದಿರುಗುವ ದಾರಿಯೇ ಮುಚ್ಚುತ್ತಿತ್ತು.

ಕಾಗದಪತ್ರ

ಈ ನಡುವೆ ಮಗ ಮನೆಯನ್ನು ತನ್ನ ಹೆಸರಿಗೆ ದಾನಪತ್ರ ಮಾಡಿಸಿಕೊಳ್ಳುವ ಮಾತೆತ್ತಿದ್ದ, ಆರೈಕೆಯ ಖರ್ಚಿಗೆ ಅನುಕೂಲವೆಂದು. ಮಾಡಲೇಬೇಕಿದ್ದರೆ ಆರೈಕೆಯ ಷರತ್ತನ್ನು ಪತ್ರದಲ್ಲೇ ಬರೆಸಬೇಕು. ಪೋಷಕರ ಮತ್ತು ಹಿರಿಯ ನಾಗರಿಕರ ನಿರ್ವಹಣೆ ಕಾಯ್ದೆ, 2007ರ 23ನೇ ಕಲಮಿನಡಿ, ಆ ಷರತ್ತು ಮುರಿದರೆ ಉಪವಿಭಾಗಾಧಿಕಾರಿಯ ನ್ಯಾಯಮಂಡಳಿ ಪತ್ರವನ್ನು ರದ್ದುಮಾಡಬಹುದು. ತಾಯಿ ಮಾಡಲಿಲ್ಲ. ಬದಲಿಗೆ ಬ್ಯಾಂಕ್ ಖಾತೆಗೆ ಮಗಳನ್ನು ಜಂಟಿಯಾಗಿ ಸೇರಿಸಿದರು. ಪವರ್ ಆಫ್ ಅಟಾರ್ನಿ ಬರೆದುಕೊಟ್ಟವರ ಬುದ್ಧಿ ಸ್ವಾಧೀನ ತಪ್ಪಿದರೆ ಅದೂ ಮುಗಿಯುತ್ತದೆ, ಹಾಗಾಗಿ ಅದೊಂದನ್ನೇ ನೆಚ್ಚಿಕೊಳ್ಳಬಾರದು. ವೆಂಟಿಲೇಟರ್ ಬೇಕೋ ಬೇಡವೋ ಎಂಬ ಮುಂಗಡ ನಿರ್ದೇಶನವನ್ನು ಇಬ್ಬರು ಸಾಕ್ಷಿಗಳ ಮುಂದೆ ಬರೆದು ನೋಟರಿ ಮಾಡಿಸಿದರು. 2023ರಲ್ಲಿ ಸುಪ್ರೀಂ ಕೋರ್ಟ್ ಈ ಕ್ರಮವನ್ನು ಇಷ್ಟಕ್ಕೆ ಸರಳಗೊಳಿಸಿದೆ. ನವೆಂಬರಿನ ಜೀವಿತ ಪ್ರಮಾಣಪತ್ರಕ್ಕೆ ಸವೆದ ಬೆರಳಚ್ಚು ಕೈಕೊಡುತ್ತದೆ. ಅದರ ಡಿಜಿಟಲ್ ರೂಪವಾದ ಜೀವನ್ ಪ್ರಮಾಣ್‌ನಲ್ಲಿ ಮುಖ ಗುರುತಿಸುವ ವಿಧಾನವೂ ಇದೆ, ತಮ್ಮ ಪಿಂಚಣಿಗೆ ಅದು ನಡೆಯುತ್ತದೆಯೇ ಎಂದು ಬ್ಯಾಂಕಿನಲ್ಲಿ ಅಕ್ಟೋಬರಿನಲ್ಲೇ ಕೇಳಬೇಕು. ಮನೆಯವರಿಂದಲೇ ತೊಂದರೆ ಇರುವ ಹಿರಿಯರಿಗೆ 14567, ಬೆಂಗಳೂರಿನಲ್ಲಿ 1090 ಸಹಾಯವಾಣಿಗಳಿವೆ.

ಮೂರನೆಯ ಕಾಲಮ್

ತಾಯಿ ಪೆನ್ಸಿಲ್ ಹಿಡಿದ ಆ ನಾಲ್ಕನೇ ವಾರ ಕೆಳಮನೆಯ ಹನ್ನೊಂದು ತಿಂಗಳ ಕರಾರು ಮುಗಿಯಲು ಇನ್ನೆರಡು ತಿಂಗಳಿತ್ತು. ತಾಯಿಯ ಯೋಜನೆ: ಅಲ್ಲಿಯವರೆಗೆ ಕೇಂದ್ರ, ಆಮೇಲೆ ತಾವು ಕೆಳಗೆ, ಬಾಡಿಗೆಯವರು ಮಹಡಿಗೆ. ಮಹಡಿಯ ಬಾಡಿಗೆ ₹16,000 ಹಿಡಿದರೆ ಆದಾಯ ₹54,000. ರಾತ್ರಿ 8ರಿಂದ ಬೆಳಿಗ್ಗೆ 8ರವರೆಗೆ ಅಟೆಂಡರ್ ₹27,000, ಸ್ನಾನ ಮುಗಿಸಿ ಹೋಗಲಿ ಎಂಬ ಲೆಕ್ಕ. ಅಡುಗೆ, ಮನೆಗೆಲಸ ಮಧ್ಯಾಹ್ನ 1ರವರೆಗೆ ₹9,000, ವಾರಕ್ಕೊಮ್ಮೆ ಫಿಸಿಯೋ ₹3,200, ಮನೆ ಖರ್ಚು ₹9,000, ಡೈಪರ್ ₹1,350. ಒಟ್ಟು ₹49,550.

ಆ ಎರಡು ತಿಂಗಳಲ್ಲಿ ಮೇಸ್ತ್ರಿಗೆ ಕೊಡಬೇಕಾದ ಅಳತೆಗಳನ್ನು ಬರೆದಿಟ್ಟುಕೊಂಡು, ಮನೆ ಖಾಲಿಯಾದ ವಾರವೇ ಕೆಲಸ ಮಾಡಿಸಿದರು. ಹಳೆಯ ಮನೆಯ ಬಚ್ಚಲ ಬಾಗಿಲು ಎರಡಡಿ, ವಾಕರ್ ಸಿಕ್ಕಿಕೊಳ್ಳುತ್ತದೆ. ಅದನ್ನು 80 ಸೆಂಟಿಮೀಟರಿಗೆ ಅಗಲಿಸಿ ಹೊರಕ್ಕೆ ತೆರೆಯುವಂತೆ ಕೂರಿಸಿದರು, ಚಿಲಕ ಹೊರಗಿನಿಂದಲೂ ತೆಗೆಯುವಂಥದ್ದು. ಹಿಡಿಕೆಗಳನ್ನು ಟೈಲ್ಸಿಗಲ್ಲ, ಅದರ ಹಿಂದಿನ ಇಟ್ಟಿಗೆಗೆ ಆಂಕರ್ ಬೋಲ್ಟ್ ಹಾಕಿ ಬಿಗಿದರು. ಟವೆಲ್ ಕಂಬಿಯನ್ನು ಕಿತ್ತೇಹಾಕಿದರು, ಬೀಳುವಾಗ ಕೈ ಹೋಗುವುದು ಅದಕ್ಕೇ. ಮುಂಬಾಗಿಲ ಮೆಟ್ಟಿಲು 15 ಸೆಂಟಿಮೀಟರ್ ಎತ್ತರ, ಒಂದಕ್ಕೆ ಹನ್ನೆರಡರ ಇಳಿಜಾರಿಗೆ 1.8 ಮೀಟರ್ ಉದ್ದ ಬೇಕಾಯಿತು. ಹೊಸ್ತಿಲು ತೆಗೆಯಲು ತಾಯಿ ಒಪ್ಪಲಿಲ್ಲ. ಅದರ ಎರಡೂ ಬದಿಗೆ ಮರದ ಓರೆಪಟ್ಟಿ ಕೂರಿಸಿದ್ದಾಯಿತು, ಅರಿಶಿನ ಕುಂಕುಮಕ್ಕೆ ನಡುವೆ ನಾಲ್ಕು ಬೆರಳು ಜಾಗ ಬಿಟ್ಟು.

ಫ್ರಿಜ್ ಬಾಗಿಲಿಗೆ ಒಂದು ಹಾಳೆ ಅಂಟಿಸಿದೆ. ತಿಂಗಳಲ್ಲಿ ಎರಡು ಸಲ ಬಿದ್ದರೆ, ರಾತ್ರಿ ಏಳುವುದು ಎರಡು ಸಲ ದಾಟಿ ಒಂದು ವಾರವಾದರೆ, ಅಟೆಂಡರ್ ಸತತ ಎರಡು ರಾತ್ರಿ ಬರದಿದ್ದರೆ, ಮತ್ತೆ ಕನಕಪುರ ರಸ್ತೆ. ಇದಕ್ಕೆ ತಾಯಿಯೇ ಸಹಿ ಹಾಕಿದ್ದಾರೆ. ಸಹಿಯ ಮೇಲೆ ಅವರು ಸೇರಿಸಿದ ಒಂದು ಸಾಲೂ ಇದೆ: ರಾತ್ರಿ ಬರುವವಳಿಗೆ ಕನ್ನಡ ಬರಬೇಕು.